ಬಿಟ್ಟದ್ದೋ, ಇಟ್ಟದ್ದೋ

ಫೋನ್ ಬಂದಾಗ ನಾನು ಹುಬ್ಬಳ್ಳಿಯ ಒಂದು ಬ್ಯಾಂಕ್ ಶಾಖೆಯಲ್ಲಿ ಚಿನ್ನದ ಸಾಲದ ಪೊಟ್ಟಣಗಳನ್ನು ಒಂದೊಂದಾಗಿ ತೂಕಕ್ಕೆ ಹಾಕಿಸುತ್ತಾ ಕೂತಿದ್ದೆ. ಗೊತ್ತಿಲ್ಲದ ನಂಬರ್. ಎರಡು ಸಲ ಕಟ್ ಮಾಡಿದೆ. ಮೂರನೇ ಸಲವೂ ಬಂತು, ಎತ್ತಿದೆ. "ಮೇಡಂ, ಗೋಕರ್ಣದಿಂದ ಮಾತಾಡ್ತಿರೋದು. ನೀವು ರೂಮಲ್ಲಿ ಒಂದು ಸೀರೆ ಬಿಟ್ಟು ಹೋಗಿದ್ದೀರಿ. ಹೊಸದು, ಕವರಲ್ಲೇ ಇದೆ. ಕೊರಿಯರ್ ಮಾಡ್ಬೇಕಾ?" ಏನು ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಆ ಹುಡುಗನೇ ಮುಂದುವರಿಸಿದ. "ಒಂದು ಉಪ್ಪಿನಕಾಯಿ ಬಾಟ್ಲಿನೂ ಇದೆ ಮೇಡಂ. ಅದನ್ನ ಮಾತ್ರ ಕೊರಿಯರಿನವರು ತಗೊಳ್ಳಲ್ಲ. ರಸ ಸೋರ್ತದೆ ಅಂತಾರೆ."

ಅದು 2023ರ ಡಿಸೆಂಬರ್. ನಾವು ಮೂವರು, ನಾನು, ಗಂಡ, ಮಗಳು, ಕುಡ್ಲೆ ಬೀಚಿನ ಹತ್ತಿರ ಮೂರು ದಿನ ಇದ್ದು ಬಂದಿದ್ದೆವು. ಎರಡನೇ ದಿನ ಮಗಳ ಒಂದು ಕಾಲಿನ ಗೆಜ್ಜೆ ಕಾಣಲಿಲ್ಲ. ಸಮುದ್ರಕ್ಕೇ ಹೋಯಿತು ಎಂದು ನಾವು ಕೈಬಿಟ್ಟಿದ್ದೆವು. ಮಧ್ಯಾಹ್ನ ಊಟಕ್ಕೆ ಕೂತಾಗ ರೂಂ ಕ್ಲೀನ್ ಮಾಡುವ ಹೆಂಗಸು ನಮ್ಮನ್ನು ಹುಡುಕಿಕೊಂಡು ಅಲ್ಲಿಗೇ ಬಂದಳು. ಗೆಜ್ಜೆ ಹಾಸಿಗೆಯ ಸಂದಿಯಲ್ಲಿ ಸಿಕ್ಕಿತ್ತಂತೆ. ಮಗಳ ಕೈಯಲ್ಲಿ ಇಟ್ಟು, ನಾನು ಪರ್ಸ್ ತೆಗೆಯುವುದರೊಳಗೆ ಹೋಗಿಯೇ ಬಿಟ್ಟಳು. ಹಾಗಾಗಿ ಹೊರಡುವ ದಿನ ಅವಳಿಗೆ ಏನಾದರೂ ಕೊಡಬೇಕು ಅನಿಸಿತು. ಶಿರಸಿಯಿಂದ ಯಾರಿಗೋ ಕೊಡಲೆಂದು ತಂದ ಒಂದು ಕಾಟನ್ ಸೀರೆ ಬ್ಯಾಗಲ್ಲಿತ್ತು. ಆಯಿ, ಅಂದರೆ ನನ್ನ ಅಮ್ಮ, ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಇತ್ತು. ಬೆಳಿಗ್ಗೆ ಆರಕ್ಕೆ ಹೊರಡಬೇಕಿತ್ತು, ಅವಳು ಬರುವುದು ಒಂಬತ್ತಕ್ಕೆ. ಎರಡನ್ನೂ ಮಂಚದ ಮೇಲೆ ಚೆಂದ ಮಾಡಿ ಜೋಡಿಸಿದೆ. ಸೀರೆಯ ಕೆಳಗೆ 200ರ ಒಂದು ನೋಟು. ಬಾಗಿಲು ಹಾಕುವಾಗ ಒಮ್ಮೆ ತಿರುಗಿ ನೋಡಿದೆ ಕೂಡ. ಅವಳ ಮುಖ ಹೇಗಾಗಬಹುದು ಎಂದು ಕಾರಲ್ಲಿ ಅಂಕೋಲೆಯ ತನಕ ಯೋಚಿಸಿಕೊಂಡು ಬಂದೆ.

"ಅದು ಬಿಟ್ಟು ಬಂದಿದ್ದಲ್ಲಪ್ಪ, ರೂಂ ಕ್ಲೀನ್ ಮಾಡೋ ಅಕ್ಕನಿಗೆ ಇಟ್ಟಿದ್ದು" ಎಂದೆ. "ಯಾವ ಅಕ್ಕ ಮೇಡಂ?" ಎಂದ. ಹೆಸರು ಗೊತ್ತಿರಲಿಲ್ಲ. ಹಸಿರು ಯೂನಿಫಾರ್ಮ್ ಎಂದೆ. ಎಲ್ಲರದೂ ಹಸಿರೇ ಎಂದ. ಕೊನೆಗೆ, "ಒಂದು ಮೇಲ್ ಹಾಕಿ ಮೇಡಂ. ನಮ್ಗೂ ರೆಕಾರ್ಡ್ ಬೇಕಲ್ಲ" ಎಂದ. ಹಾಕಿದೆ. ಬರೆಯುವಾಗ ಅದು ಕ್ರಯಪತ್ರದ ಹಾಗೆ ಆಗಿಬಿಟ್ಟಿತು: ಮೇಲ್ಕಾಣಿಸಿದ ವಸ್ತುಗಳನ್ನು ನಾನು ನನ್ನ ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ. ಅದಕ್ಕೆ ಉತ್ತರ ಬರಲಿಲ್ಲ. 200 ರೂಪಾಯಿಯ ಸುದ್ದಿಯನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಿದ್ದರೆ ಯಾರಿಗೆ ತೊಂದರೆ ಆಗುತ್ತಿತ್ತು ಎಂದು ಇಬ್ಬರಿಗೂ ಗೊತ್ತಿತ್ತು ಅನಿಸುತ್ತದೆ.

ಆಮೇಲೆ ತುಂಬಾ ದಿನ ತಲೆಯಲ್ಲಿ ಸುತ್ತಿದ್ದು ಒಂದೇ. ನಾವು ಹೊರಟ ಮೇಲೆ ಫೋನ್ ಬರುವ ತನಕದ ನಾಲ್ಕು ದಿನ ಆ ಸೀರೆ ಎಲ್ಲಿತ್ತು? ಅದನ್ನು ಮೊದಲು ಎತ್ತಿಕೊಂಡು ಹೋಗಿ ಕೌಂಟರಿನಲ್ಲಿ ಕೊಟ್ಟವಳು ಅವಳೇ ಇರಬೇಕು. ತನಗೇ ಇಟ್ಟ ಸೀರೆಯನ್ನು ಅವಳೇ ಹೊತ್ತುಕೊಂಡು ಹೋಗಿ ಒಪ್ಪಿಸಿದ್ದಳು.

ಪುಸ್ತಕ, ಬೀರು, ಗೇಟು

ನಾನು ಲೆಕ್ಕ ತಪಾಸಣೆಯವಳು. ವರ್ಷದಲ್ಲಿ ನೂರಕ್ಕೂ ಜಾಸ್ತಿ ರಾತ್ರಿ ಲಾಡ್ಜಿನಲ್ಲೇ ಮಲಗುತ್ತೇನೆ. (ನಮ್ಮಲ್ಲಿ ಹೋಟೆಲ್ ಅಂದರೆ ಇಡ್ಲಿ ತಿನ್ನುವ ಜಾಗ. ಮಲಗುವುದು ಲಾಡ್ಜಲ್ಲಿ. ಈಗೀಗ ಸ್ಟೇ, ರೆಸಾರ್ಟ್, ಹೋಂಸ್ಟೇ ಎಲ್ಲ ಬಂದಿವೆ, ಆದರೂ ಆಯಿ ಎಲ್ಲವನ್ನೂ ಲಾಡ್ಜ್ ಎಂದೇ ಕರೆಯುತ್ತಾಳೆ.) ಇಷ್ಟು ವರ್ಷ ಲಾಡ್ಜಲ್ಲಿದ್ದೂ, ರೂಮಿನಲ್ಲಿ ನಾವು ಬಿಟ್ಟು ಹೋದ ವಸ್ತು ಆಮೇಲೆ ಏನಾಗುತ್ತದೆ ಎಂದು ಯಾವತ್ತೂ ಕೇಳಿರಲಿಲ್ಲ.

ಸ್ವಲ್ಪ ದೊಡ್ಡ ಜಾಗವಾದರೆ ಒಂದು ಪುಸ್ತಕ ಇರುತ್ತದೆ. ಗಿರಾಕಿ ಹೋದ ಮೇಲೆ ರೂಮಲ್ಲಿ ಸಿಕ್ಕಿದ್ದೆಲ್ಲ ಅದರಲ್ಲಿ ಬರೆಯಬೇಕು. ಯಾವ ತಾರೀಖು, ಯಾವ ರೂಂ, ಏನು ವಸ್ತು, ಯಾರ ಕೈಗೆ ಸಿಕ್ಕಿತು. ವಸ್ತು ಬೀರುವಿಗೆ ಹೋಗುತ್ತದೆ. ತಿನ್ನುವ ಪದಾರ್ಥವಾದರೆ ಒಂದೆರಡು ದಿನ ನೋಡಿ ಎಸೆಯುತ್ತಾರೆ. ಉಳಿದದ್ದನ್ನು ತಿಂಗಳುಗಟ್ಟಲೆ ಇಡುತ್ತಾರೆ. ಕೆಲಸದವರು ಸಂಜೆ ಮನೆಗೆ ಹೋಗುವಾಗ ಗೇಟಿನಲ್ಲಿ ಚೀಲ ತೆಗೆದು ತೋರಿಸಬೇಕು. ಚೀಲದಲ್ಲಿ ಊಟದ ಡಬ್ಬಿ, ಛತ್ರಿ ಬಿಟ್ಟು ಬೇರೆ ಏನಾದರೂ ಇದ್ದರೆ ಅದಕ್ಕೊಂದು ಚೀಟಿ ಬೇಕು, ಮೇಲಿನವರ ಸಹಿ ಬೇಕು. ಸಹಿ ಇಲ್ಲದ ಹೊಸ ಸೀರೆ ಅಂದರೆ ಕದ್ದ ಸೀರೆ.

ಈ ಪದ್ಧತಿಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನಾನಾದರೂ ಹೀಗೇ ಮಾಡಿಸುತ್ತಿದ್ದೆ. ಯಾರೋ ಬಂಗಾರದ ಉಂಗುರ ಬಚ್ಚಲಲ್ಲಿ ಬಿಟ್ಟು ಹೋಗಿ, ಎರಡು ದಿನ ಬಿಟ್ಟು ಫೋನ್ ಮಾಡಿ ಕೂಗಾಡಿದಾಗ ಕೆಲಸದವಳನ್ನು ಉಳಿಸುವುದೂ ಇದೇ ಪುಸ್ತಕ. ನನ್ನ ತಪ್ಪು ಇದ್ದದ್ದು ಬೇರೆ ಕಡೆ. ಕೊಡುವುದು ಅಂದರೆ ನನ್ನ ಕೈ ಬಿಟ್ಟರೆ ಮುಗಿಯಿತು ಎಂದುಕೊಂಡಿದ್ದೆ. ಅದು ಇನ್ನೊಬ್ಬರ ಕೈಗೆ ಸೇರಿ, ಅವರ ಚೀಲ ಸೇರಿ, ಗೇಟು ದಾಟಿ, ಬಸ್ ಹತ್ತಿ ಮನೆ ಮುಟ್ಟುವ ತನಕ ಮುಗಿದಿರುವುದಿಲ್ಲ.

ಕಾರವಾರದ ಹತ್ತೊಂಬತ್ತು ದಿನ

ಮರುವರ್ಷ ಸೆಪ್ಟೆಂಬರಿನಲ್ಲಿ ಕಾರವಾರಕ್ಕೆ ಆಡಿಟ್ ಬಂತು. ಟ್ಯಾಗೋರ್ ಬೀಚಿಗೆ ನಡೆದುಹೋಗುವಷ್ಟು ಹತ್ತಿರದ ಒಂದು ಲಾಡ್ಜ್. ಮೂರು ಮಹಡಿ, ಲಿಫ್ಟ್ ಇತ್ತು, ಓಡುತ್ತಿರಲಿಲ್ಲ. ವಾರದ ದಿನಗಳಲ್ಲಿ ಕೋರ್ಟ್ ಕೇಸಿಗೆ ಬಂದವರು, ನೌಕಾನೆಲೆಯ ಕಂಟ್ರಾಕ್ಟರುಗಳ ಮಂದಿ, ಕೈಗಾ ಕಡೆ ಹೋಗುವವರು. ಶನಿವಾರ ಬಂತೆಂದರೆ ಹುಬ್ಬಳ್ಳಿ, ಬೆಳಗಾವಿಯ ಹುಡುಗರು. ನನ್ನದು ಎರಡನೇ ಮಹಡಿ. ಆ ಮಹಡಿಯನ್ನು ನೋಡಿಕೊಳ್ಳುತ್ತಿದ್ದವಳು ಸದಾಶಿವಗಡ ಕಡೆಯವಳು. ನಲವತ್ತೈದು ಇರಬಹುದು. ಮನೆಯಲ್ಲಿ ಕೊಂಕಣಿ, ನನ್ನ ಹತ್ತಿರ ಕನ್ನಡ.

ಗೋಕರ್ಣದ ಪಾಠ ನೆನಪಿತ್ತು. ಸೀರೆಗೀರೆ ಬೇಡ, ದುಡ್ಡೇ ಇಡೋಣ ಎಂದು ಮೊದಲ ದಿನ ಮೇಜಿನ ಮೇಲೆ 50 ರೂಪಾಯಿ ಇಟ್ಟು ಹೋದೆ. ಸಂಜೆ ಬಂದು ನೋಡಿದರೆ ನೋಟು ಅಲ್ಲೇ. ಫ್ಯಾನಿನ ಗಾಳಿಗೆ ಹಾರದಂತೆ ಮೇಲೊಂದು ಲೋಟ ಕವುಚಿ ಇಟ್ಟಿತ್ತು. ಕಂಡಿಲ್ಲವೇನೋ ಎಂದು ಮರುದಿನ ಅದನ್ನೇ ದಿಂಬಿನ ಮೇಲೆ ಇಟ್ಟೆ. ಸಂಜೆ ಹಾಸಿಗೆ ನೀಟಾಗಿ ಬದಲಾಗಿತ್ತು. ನೋಟು ಮತ್ತೆ ಮೇಜಿನ ಮೇಲೆ, ಲೋಟದ ಕೆಳಗೆ. ಕಡಿಮೆ ಆಯಿತಾ, ಸಿಟ್ಟು ಬಂತಾ, ಏನೂ ತಿಳಿಯಲಿಲ್ಲ.

ಮೂರನೇ ದಿನ ತಲೆನೋವು ಎಂದು ರೂಮಲ್ಲೇ ಉಳಿದಿದ್ದೆ. ಹತ್ತೂವರೆಗೆ ಬಾಗಿಲು ಬಡಿದಳು. ನನ್ನನ್ನು ನೋಡಿ, "ಮಲ್ಕೊಳ್ಳಿ ಮೇಡಂ, ಆಮೇಲೆ ಬರ್ತೇನೆ" ಎಂದಳು. ಬೇಡ, ಈಗಲೇ ಮಾಡಿ ಅಕ್ಕ ಎಂದು ನಾನು ಪ್ಲಾಸ್ಟಿಕ್ ಕುರ್ಚಿ ಎಳೆದು ಕೂತೆ. ಒಂದು ಲಾಡ್ಜ್ ರೂಂ ಹೇಗೆ ಸ್ವಚ್ಛವಾಗುತ್ತದೆ ಎಂದು ಪೂರ್ತಿ ನೋಡಿದ್ದು ಅವತ್ತೇ. ಮೊದಲು ಫ್ಯಾನ್ ಬಂದ್ ಮಾಡಿದಳು. ಆಮೇಲೆ ಹಾಸಿನ ನಾಲ್ಕೂ ಮೂಲೆಗಳನ್ನು ನಡುವಿಗೆ ತಂದು ಗಂಟಿನ ಹಾಗೆ ಎತ್ತಿದಳು. ಯಾಕೆ ಎಂದರೆ, ಎಳೆದರೆ ಹೊಯಿಗೆ (ಮರಳು) ನೆಲಕ್ಕೆ ಬೀಳುತ್ತದೆ. ಮೊಣಕಾಲಿನಿಂದ ಗಾದಿಯನ್ನು ಒಂದು ಚೂರು ಎತ್ತಿ ಹಿಡಿದು, ಕೈಯಿಂದ ಹೊಸ ಹಾಸಿನ ಅಂಚನ್ನು ಅಡಿಗೆ ತುರುಕಿದಳು. ಟವೆಲ್ ಎಣಿಸಿದಳು. ದೊಡ್ಡದು ಎರಡು, ಚಿಕ್ಕದು ಒಂದು. ಕಡಿಮೆ ಬಂದರೆ ಅವಳನ್ನೇ ಕೇಳುತ್ತಾರೆ. ನೆಲಕ್ಕೆ ಪೊರಕೆ ಹಾಕಲೇ ಇಲ್ಲ, ಹಸಿ ಬಟ್ಟೆ ಒತ್ತಿ ಒತ್ತಿ ಎತ್ತಿದಳು. "ಪೊರಕೆಗೆ ಹೊಯಿಗೆ ಓಡ್ತದೆ ಮೇಡಂ, ಹೋಗೋದಿಲ್ಲ." ಎಲ್ಲ ಮುಗಿದ ಮೇಲೆ ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದ ಬರಿಗಾಲಲ್ಲಿ ರೂಮಿನ ಈ ಮೂಲೆಯಿಂದ ಆ ಮೂಲೆಗೆ ನಿಧಾನ ನಡೆದಳು. ಮಂಚದ ಆಚೆ ಒಂದು ಕಡೆ ನಿಂತಳು, ಅಂಗಾಲನ್ನು ಎಡಕ್ಕೆ ಬಲಕ್ಕೆ ಉಜ್ಜಿದಳು, ಬಗ್ಗಿ ಅಲ್ಲೊಮ್ಮೆ ಒರೆಸಿದಳು. "ಕಣ್ಣಿಗೆ ಕಾಣೋದಿಲ್ಲ, ಕಾಲಿಗೆ ಗೊತ್ತಾಗ್ತದೆ" ಎಂದಳು.

ಆಗ ಕೇಳಿದೆ, ಆ ಐವತ್ತು ರೂಪಾಯಿ ಯಾಕೆ ತಗೊಳ್ಳಲಿಲ್ಲ ಎಂದು. ನನ್ನ ಪ್ರಶ್ನೆಗೇ ಅವಳಿಗೆ ನಗು ಬಂತು. "ಮೇಜಿನ ಮೇಲೆ ಇದ್ದದ್ದು ಗಿರಾಕೀದು ಮೇಡಂ. ಕೈಯಲ್ಲಿ ಕೊಟ್ರೆ ನಮ್ದು."

ಆಮೇಲಿನ ದಿನಗಳಲ್ಲಿ ಬೆಳಿಗ್ಗೆ ಹೊರಡುವಾಗ ವರಾಂಡದಲ್ಲಿ ಸಿಕ್ಕರೆ ಕೈಯಲ್ಲೇ ಕೊಡುತ್ತಿದ್ದೆ. ಮಾತೂ ಬೆಳೆಯಿತು. ದಿನಕ್ಕೆ ಹತ್ತು ಹನ್ನೆರಡು ರೂಂ. ಗಿರಾಕಿ ಇನ್ನೂ ಇರುವ ರೂಂ ಇಪ್ಪತ್ತು ನಿಮಿಷ, ಖಾಲಿಯಾದ ರೂಂ ಮುಕ್ಕಾಲು ಗಂಟೆ. ಶನಿವಾರದ ಪಾರ್ಟಿಯ ರೂಮಾದರೆ ಲೆಕ್ಕವೇ ಇಲ್ಲ. ಮೆಹೆಂದಿ, ಕಾಡಿಗೆ, ತಲೆಗೆ ಹಚ್ಚಿದ ಎಣ್ಣೆ, ಇವು ಬಿಳಿ ಹಾಸಿನಿಂದ ಹೋಗುವುದಿಲ್ಲ. ಬೂಟು ಒರೆಸಿದ ಟವೆಲ್ ಇನ್ನೂ ಕಷ್ಟ. ಮಳೆಗಾಲದಲ್ಲಿ ಏನೂ ಒಣಗುವುದಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚಿಲ್ಲ, ಆ ದುಡ್ಡು ಮಗನ ಐಟಿಐಗೆ ಹೋಗುತ್ತದೆ ಎಂದಳು. ಅದಕ್ಕೆ ಹಿಂದಿನ ತಿಂಗಳು, ಆಗಸ್ಟ್ 7ರ ನಡುರಾತ್ರಿ, ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದಿತ್ತಲ್ಲ, ಡ್ರೈವರ್ ಬದುಕಿದ. ಬೆಳಿಗ್ಗೆ ಇವಳು ಈಚೆ ಬರಲು ಆಗಲಿಲ್ಲ. ಆ ದಿನದ ಸಂಬಳ ಹಿಡಿದರಂತೆ. "ಸೇತುವೆ ಬಿದ್ದದ್ದು ಪೇಪರಲ್ಲಿ ಬಂತು ಮೇಡಂ, ಆದ್ರೂ ಹಿಡಿದ್ರು." ಸಂಬಳ ಎಷ್ಟು ಎಂದೂ ಕೇಳಿದೆ, ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಹತ್ತೊಂಬತ್ತು ದಿನದ ರೂಂ ಬಾಡಿಗೆ ಅವಳ ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ ಇತ್ತು ಎಂದಷ್ಟೇ ಹೇಳುತ್ತೇನೆ. ಬಿಲ್ಲು ನಾನೇ ತುಂಬಿ ಕಳಿಸಿದ್ದು, ಹಾಗಾಗಿ ಗೊತ್ತು.

ಜನ ರೂಮಲ್ಲಿ ಏನೇನು ಬಿಟ್ಟು ಹೋಗುತ್ತಾರೆ ಎಂಬುದು ಅವಳ ಇಷ್ಟದ ವಿಷಯ. ಚಾರ್ಜರ್ ಎಲ್ಲಕ್ಕಿಂತ ಜಾಸ್ತಿ. ಒಂಟಿ ಚಪ್ಪಲಿ. ಒದ್ದೆ ಚಡ್ಡಿ. ಹಲ್ಲಿನ ಸೆಟ್ಟು ಕೂಡ ಒಮ್ಮೆ ಸಿಕ್ಕಿತ್ತು, ಅದಕ್ಕೆ ಫೋನ್ ಬಂದದ್ದು ಐದನೇ ದಿನ. ಅಲ್ಲಿಯ ತನಕ ಆ ಮನುಷ್ಯ ಹೇಗೆ ಉಂಡ ಎಂದು ಅವಳಿಗೆ ಇವತ್ತಿಗೂ ಚಿಂತೆ. ಯಾರನ್ನೂ ಕೇಳದೆ ಅವರು ತೆಗೆದುಕೊಳ್ಳಬಹುದಾದದ್ದು ಖಾಲಿ ಬಾಟ್ಲಿ ಮತ್ತು ಹಳೇ ಪೇಪರ್ ಮಾತ್ರ. ಗೋವಾ ಹತ್ತಿರವಾದ್ದರಿಂದ ಬಾಟ್ಲಿಗೇನೂ ಬರ ಇಲ್ಲ. ಗುಜರಿಯವನು ತಿಂಗಳಿಗೊಮ್ಮೆ ಬರುತ್ತಾನೆ, ಬಂದ ದುಡ್ಡನ್ನು ನಾಲ್ವರೂ ಹಂಚಿಕೊಳ್ಳುತ್ತಾರೆ.

"ಮತ್ತೆ ಅರ್ಧ ತಿಂದ ಬಿಸ್ಕೀಟ್ ಪ್ಯಾಕೆಟ್?" ಎಂದೆ. ನಾನೂ ಎಷ್ಟೋ ಸಲ ಅದನ್ನು ಮೇಜಿನ ಮೇಲೆ ಇಟ್ಟು ಬಂದವಳೇ. ಯಾರಾದರೂ ತಿನ್ನಲಿ ಎಂದು. ಅವಳು ಕಸದ ಬಕೆಟ್ ಕಡೆ ಕೈ ತೋರಿಸಿದಳು.

ಜಗುಲಿಗೆ ಕೇಳುವ ಹಾಗೆ

ಆ ಬಕೆಟ್ ನೋಡಿ ನನಗೆ ನಾಚಿಕೆಯಾಯಿತು. ಬ್ಯಾಗಿನಲ್ಲಿ ಹಿಡಿಸದ್ದು, ವಿಮಾನದಲ್ಲಿ ಬಿಡದ್ದು, ಅರ್ಧ ಶಾಂಪೂ, ಮಕ್ಕಳು ಬೇಸರ ಮಾಡಿಕೊಂಡ ಬೀಚ್ ಆಟಿಕೆ. ಇದನ್ನೆಲ್ಲ ರೂಮಲ್ಲಿ ಬಿಟ್ಟು "ಪಾಪ, ಅವರಿಗೆ ಆಗ್ತದೆ" ಅನ್ನುತ್ತೇವೆ. ಕಸವನ್ನು ಕಸದ ಬುಟ್ಟಿಗೆ ಹಾಕುವ ಕೆಲಸ ನಮಗೆ ತಪ್ಪಿತು, ಜೊತೆಗೆ ಒಂದು ಪುಣ್ಯವೂ ಬಂತು. ನನ್ನ ಗೋಕರ್ಣದ ಸೀರೆಯೂ ಪೂರ್ತಿ ಶುದ್ಧವೇನಲ್ಲ. ಅದು ಇನ್ಯಾರಿಗೋ ತಂದದ್ದು, ಕೊಡಲು ಆಗಿರಲಿಲ್ಲ. ವಾಪಸ್ ಹೊತ್ತುಕೊಂಡು ಹೋಗುವ ಮನಸ್ಸಿರಲಿಲ್ಲ. ಕಾರವಾರದ ಅಕ್ಕನಿಗೆ ಆ ಕಥೆ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಯಾವ ಬಣ್ಣ ಇತ್ತು?" ಬೂದು ಎಂದೆ. ಮುಖ ಕಿವುಚಿದಳು. "ದುಡ್ಡೇ ಒಳ್ಳೇದು ಮೇಡಂ."

ಈ ವಿಷಯ ಯೋಚಿಸುವಾಗೆಲ್ಲ ನನಗೆ ನಮ್ಮ ಹಳೇ ಮನೆಯ ಅಂಗಳ ನೆನಪಾಗುತ್ತದೆ. ಶಿರಸಿಯಿಂದ ಒಳಗೆ, ತೋಟದ ತಲೆಗೆ ಮನೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಹೆಂಗಸರು ಸುಲಿಯಲು ಬರುತ್ತಿದ್ದರು. ರಾತ್ರಿ ಒಂಬತ್ತರ ತನಕ ಮೆಟ್ಟುಗತ್ತಿಯ ಮುಂದೆ ಕೂತು ಸುಲಿದು, ಬ್ಯಾಟರಿ ಹಿಡಿದು ಒಟ್ಟಿಗೇ ಮನೆಗೆ ಹೋಗುವವರು. ಜಗುಲಿಯ ಮೇಲೆ ದೊಡ್ಡಪ್ಪ ಎಲೆಯಡಿಕೆಯ ಕವಳ ಹಾಕುತ್ತಾ ಕೂತಿರುತ್ತಿದ್ದ. ಕೂತದ್ದು ಕವಳಕ್ಕಲ್ಲ, ಯಾರ ಮಡಿಲಲ್ಲಿ ಎಷ್ಟು ಅಡಿಕೆ ಹೋಗುತ್ತದೆ ಎಂದು ನೋಡಲಿಕ್ಕೆ. ಆಯಿ ಆಗಾಗ ಯಾರಿಗಾದರೂ ಹಿತ್ತಲ ಬಾಗಿಲಲ್ಲಿ ಜೋನಿಬೆಲ್ಲವನ್ನೋ ಮಜ್ಜಿಗೆಯನ್ನೋ ಡಬ್ಬಿಗೆ ಹಾಕಿ ಕೊಡುತ್ತಿದ್ದಳು. ಕೊಟ್ಟವಳು ಸುಮ್ಮನಿರುತ್ತಿರಲಿಲ್ಲ. ಆ ಹೆಂಗಸು ಅಂಗಳ ದಾಟಿ ದಣಪೆಯ (ಬೇಲಿ ಬಾಗಿಲಿನ) ಹತ್ತಿರ ಹೋಗುವಾಗ ಸರಿಯಾಗಿ ಒಳಗಿನಿಂದ ನನಗೆ ಕೂಗುತ್ತಿದ್ದಳು. "ಕೂಸೇ, ಜೋನಿಬೆಲ್ಲದ ಡಬ್ಬಿ ಇವ್ಳ ಹತ್ರ ಇದ್ದು, ನಾಳೆ ನೆನಪು ಮಾಡು!"

ನನಗೆ ಅಸಾಧ್ಯ ಸಿಟ್ಟು ಬರುತ್ತಿತ್ತು. ಎರಡು ಚಮಚ ಬೆಲ್ಲ ಕೊಟ್ಟು ಊರಿಗೆಲ್ಲ ಕೇಳುವ ಹಾಗೆ ಹೇಳಬೇಕಾ? ತುಕ್ಕು ಹಿಡಿದ ಡಬ್ಬಿ ವಾಪಸ್ ಬೇಕಾ? ಆಯಿಗೆ ಕೊಟ್ಟದ್ದನ್ನು ಮೆರೆಸುವ ಚಟ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ. ಮರುದಿನ ಡಬ್ಬಿ ನೆನಪು ಮಾಡಿದರೆ "ಇರ್ಲಿ ಬಿಡು" ಅನ್ನುತ್ತಿದ್ದಳು. ಅದೂ ನನಗೆ ಅರ್ಥವಾಗುತ್ತಿರಲಿಲ್ಲ.

ಕಾರವಾರದ ಆ ಲಾಡ್ಜಿನಲ್ಲಿ, ಮೇಜಿನ ಮೇಲಿನದು ಗಿರಾಕಿಯದು ಎಂಬ ಮಾತು ಕೇಳಿದ ರಾತ್ರಿ ನಿದ್ದೆ ಹತ್ತುವ ಹೊತ್ತಿಗೆ ಆ ಕೂಗು ಮತ್ತೆ ಕೇಳಿತು. ಆಯಿ ಕೂಗಿದ್ದು ನನಗಲ್ಲ, ಜಗುಲಿಗೆ. ಮನೆಯ ಸೊಸೆ ಭಾವನ ಎದುರು ನಿಂತು "ಇದನ್ನು ನಾನು ಕೊಟ್ಟಿದ್ದೇನೆ, ಇವಳ ಮಡಿಲು ತಡಕಬೇಡಿ" ಎಂದು ಹೇಳುವ ಕಾಲ ಅದಲ್ಲ. ಹಾಗಾಗಿ ನನ್ನ ಹೆಸರು ಹಿಡಿದು ಕೂಗುತ್ತಿದ್ದಳು. ದಣಪೆ ದಾಟುವುದಕ್ಕೆ ಮೊದಲೇ, ದೊಡ್ಡಪ್ಪ ಬಾಯಿ ತೆಗೆಯುವುದಕ್ಕೆ ಮೊದಲೇ. ಗೋಕರ್ಣದ ಹುಡುಗ ಕೇಳಿದ ಮೇಲ್ ಅದೇ.

ಆಯಿಯನ್ನು ದೇವತೆ ಮಾಡಲು ಹೊರಟಿಲ್ಲ. ಅದೇ ಹಿತ್ತಲ ಬಾಗಿಲಲ್ಲಿ ತಂಗಳು, ಹರಿದ ಸೀರೆ, ನಮ್ಮಲ್ಲಿ ಯಾರೂ ತಿನ್ನದ ಹುಳಿ ಮಾವಿನಹಣ್ಣು, ಇವೂ ಹೋಗುತ್ತಿದ್ದವು. ಅವರು ಜಗುಲಿ ಹತ್ತುವ ಹಾಗಿರಲಿಲ್ಲ. ಕೊಡುವವರ ಕೈ ಮೇಲೆ, ತಗೊಳ್ಳುವವರ ಕೈ ಕೆಳಗೆ ಎಂಬ ಆ ಹಳೇ ಲೆಕ್ಕ ನನ್ನೊಳಗೂ ಇದೆ. ಗೋಕರ್ಣದಿಂದ ಅಂಕೋಲೆಯ ತನಕ ಕಾರಲ್ಲಿ ನನಗಾದ ಖುಷಿಯಲ್ಲಿ ಅದು ಎಷ್ಟು ಪಾಲು ಇತ್ತೋ.

ದುಡ್ಡಿನ ವಿಷಯ

ನನ್ನ ಜೊತೆ ಆಡಿಟ್ಟಿಗೆ ಬರುವ ಸಹೋದ್ಯೋಗಿಯೊಬ್ಬರಿಗೆ ಟಿಪ್ಸ್ ಎಂದರೆ ಆಗುವುದಿಲ್ಲ. "ಅವರಿಗೆ ಸಂಬಳ ಕೊಡೋದು ಓನರ್ ಕೆಲಸ, ನಮ್ದಲ್ಲ" ಎನ್ನುತ್ತಾರೆ. ಮಾತು ಸರಿಯಾಗಿಯೇ ಇದೆ. 2014ರಲ್ಲಿ ಅಮೆರಿಕದಲ್ಲಿ ಮ್ಯಾರಿಯಟ್ ಕಂಪನಿ ರೂಂ ಸ್ವಚ್ಛ ಮಾಡುವವರ ಟಿಪ್ಸಿಗೆಂದೇ ರೂಮುಗಳಲ್ಲಿ ಲಕೋಟೆ ಇಡಲು ಶುರು ಮಾಡಿದಾಗ ಅಲ್ಲಿಯೂ ಜನ ಇದನ್ನೇ ಕೇಳಿದರು: ಲಕೋಟೆ ಬದಲು ಸಂಬಳವನ್ನೇ ಜಾಸ್ತಿ ಮಾಡಬಾರದಾ? ಆದರೆ ಇದೇ ಸಹೋದ್ಯೋಗಿ ಊಟದ ಬಿಲ್ಲಿನ ಫೋಲ್ಡರಿನಲ್ಲಿ, ಸೋಂಪಿನ ಪಕ್ಕ, ಚಿಲ್ಲರೆ ಬಿಟ್ಟು ಏಳುತ್ತಾರೆ. ಸಪ್ಲೈಯರ್ ಎದುರೇ ನಿಂತಿರುತ್ತಾನಲ್ಲ. ಬ್ಯಾಗ್ ಎತ್ತಿಕೊಂಡು ಬಂದ ಹುಡುಗನಿಗೂ ಕೊಡುತ್ತಾರೆ, ಅವನು ಬಾಗಿಲಲ್ಲಿ ನಿಂತು ಫ್ಯಾನ್ ಸ್ವಿಚ್ ತೋರಿಸುತ್ತಾ ಇರುತ್ತಾನೆ. ಬಚ್ಚಲು ತೊಳೆದವಳು ಎದುರು ನಿಲ್ಲುವ ಗಳಿಗೆ ಬರುವುದೇ ಇಲ್ಲ. ನಾವಿಲ್ಲದಾಗ ಬಂದು ಹೋಗುವುದೇ ಅವಳ ಕೆಲಸ.

ಕೊನೆಯ ದಿನ ಇಟ್ಟು ಹೋಗುವ ದುಡ್ಡು ಅವಳಿಗೆ ಸಿಗುವುದು ಕಡಿಮೆ. ನಾವು ಕೀ ಕೊಟ್ಟ ಕೂಡಲೇ "ರೂಂ ಚೆಕ್ ಮಾಡ್ಕೊಂಡು ಬಾ" ಎಂದು ಒಬ್ಬನನ್ನು ಓಡಿಸುತ್ತಾರೆ, ರಿಮೋಟು, ಟವೆಲ್ ಸರಿ ಇದೆಯಾ ನೋಡಲು. ಮೊದಲು ಒಳಗೆ ಹೋಗುವವನು ಅವನು. ಅದಲ್ಲದೆ ವಾರದ ರಜೆ ಇರುತ್ತದೆ. ಐದು ದಿನ ಒಬ್ಬಳು ಮಾಡಿ, ಆರನೇ ದಿನ ಇನ್ನೊಬ್ಬಳು ಬಂದಾಗ ನಾವು ಹೊರಟಿರುತ್ತೇವೆ. ಹಾಗಾಗಿ ನಾನೀಗ ದಿನದ್ದು ದಿನವೇ ಕೊಡುತ್ತೇನೆ. ಕೈಗೆ ಸಿಗದಿದ್ದರೆ ಚೀಟಿ. ಯಾರಿಗೆ, ಎಷ್ಟು, ಯಾವ ತಾರೀಖು, ರೂಂ ನಂಬರ್, ನನ್ನ ಸಹಿ. ಆ ಚೀಟಿಯನ್ನು ಓದುವುದು ಅವಳಲ್ಲ, ಸೂಪರ್‌ವೈಸರ್. ಗೋಕರ್ಣದ ಕಡೆ ಈಗ ಅಸ್ಸಾಂ, ನೇಪಾಳ ಕಡೆಯ ಹುಡುಗರೂ ಕೆಲಸಕ್ಕಿದ್ದಾರೆ, ಅಲ್ಲಿ ಹಿಂದಿಯಲ್ಲೂ ಒಂದು ಸಾಲು ಬರೆಯುತ್ತೇನೆ.

ಫೋನ್‌ಪೇ ಮಾಡಬಹುದಲ್ಲ ಎಂದು ನನಗೂ ಅನಿಸಿತ್ತು. ಕಾರವಾರದಲ್ಲಿ ಒಂದು ದಿನ ಕೈಯಲ್ಲಿ ನೋಟಿರಲಿಲ್ಲ, ನಂಬರ್ ಕೊಡಿ ಅಕ್ಕ ಎಂದೆ. ಅವಳು ಒಂದು ಕ್ಷಣ ತಡೆದಳು. ಆಮೇಲೆ "ನಾಳೆ ಕೊಡಿ ಮೇಡಂ, ಅರ್ಜೆಂಟ್ ಏನಿಲ್ಲ" ಎಂದಳು. ಹಿಂದೆ ಒಬ್ಬ ಗಿರಾಕಿಗೆ ಹೀಗೇ ನಂಬರ್ ಕೊಟ್ಟ ಅವಳ ಜೊತೆಗಾತಿಗೆ ಆರು ತಿಂಗಳು ರಾತ್ರಿ ಹೊತ್ತು ಫೋನ್ ಬರುತ್ತಿತ್ತಂತೆ. ಕೌಂಟರಿನ ಕ್ಯೂಆರ್ ಕೋಡ್ ಓನರಿನದು, ಅದಕ್ಕೆ ಹಾಕಿದರೆ ಮುಗಿದೇ ಹೋಯಿತು. ಎಟಿಎಂನಿಂದ ಹೆಚ್ಚಾಗಿ ನನ್ನ ಕೈಗೆ ಬರುವುದು 500ರ ನೋಟು. ಕ್ಯಾಂಟೀನಿನಲ್ಲಿ ಚಾ ಕುಡಿದು 50, 100ರ ನೋಟು ಮಾಡಿಸಿಕೊಳ್ಳುವುದು ಈಗ ನನ್ನ ಪ್ರವಾಸದ ತಯಾರಿಯ ಒಂದು ಭಾಗ.

ಎಷ್ಟು ಕೊಡಬೇಕು ಎಂಬುದಕ್ಕೆ ನನ್ನ ಹತ್ತಿರ ಸೂತ್ರ ಇಲ್ಲ. ಒಂದು ಲೆಕ್ಕ ಮಾತ್ರ ಹೇಳುತ್ತೇನೆ. 1500 ರೂಪಾಯಿಯ ರೂಮಿಗೆ ಮೊದಲು ಶೇಕಡಾ 12 ಜಿಎಸ್‌ಟಿ, ಅಂದರೆ 180 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡಾ 5 ಆಯಿತು, 75 ರೂಪಾಯಿ. ಲಾಡ್ಜಿನವರು ಬಾಡಿಗೆ ಏರಿಸದಿದ್ದರೆ ದಿನಕ್ಕೆ 105 ರೂಪಾಯಿ ಉಳಿಯಿತು. ಆ ನೂರೈದು ಯಾರದ್ದು ಎಂದು ನಾನಂತೂ ತೀರ್ಮಾನ ಮಾಡಿಯಾಗಿದೆ.

ಹೋಂಸ್ಟೇಗಳಲ್ಲಿ ಇದೆಲ್ಲ ನಡೆಯುವುದಿಲ್ಲ. ನಮ್ಮ ಅತ್ತಿಗೆ ಸಾಗರ ರಸ್ತೆಯಲ್ಲಿ ಒಂದು ನಡೆಸುತ್ತಾಳೆ, ಹಾಸಿಗೆ ಹಾಸುವುದೂ ಅವಳೇ, ದೋಸೆ ಹೊಯ್ಯುವುದೂ ಅವಳೇ. ಬೆಂಗಳೂರಿನ ಯಾರೋ ದಿಂಬಿನ ಕೆಳಗೆ 500 ಇಟ್ಟು ಹೋದಾಗ ಅವಮಾನವಾಗಿ ಅವರ ನಂಬರಿಗೆ ಗೂಗಲ್ ಪೇ ಮಾಡಿ ವಾಪಸ್ ಕಳಿಸಿದಳು. ಪಾತ್ರೆಗೆ ಬರುವ ಹೆಂಗಸಿಗೆ ಕೊಟ್ಟಿದ್ದರೆ ಸಾಕಿತ್ತಲ್ಲ ಎಂದರೆ, "ಅವರಿಗೆ ಅವಳು ಕಂಡೇ ಇರಲಿಲ್ಲವಲ್ಲ" ಎಂದಳು.

ಮುರುಡೇಶ್ವರ, ರೂಂ 104

ಕಳೆದ ನವೆಂಬರಿನಲ್ಲಿ ಆಯಿಯನ್ನು ಮುರುಡೇಶ್ವರಕ್ಕೆ ಕರೆದುಕೊಂಡು ಹೋಗಿದ್ದೆ. 123 ಅಡಿಯ ಶಿವನನ್ನು ಅವಳು ಮೊದಲೇ ನೋಡಿದ್ದಳು. ಈ ಸಲ ಗೋಪುರದ ಲಿಫ್ಟ್ ಹತ್ತಿ ಮೇಲಿನಿಂದ ಸಮುದ್ರ ನೋಡಬೇಕಿತ್ತು. ನೋಡಿದಳು, ಅಷ್ಟೇನಿಲ್ಲ ಎಂದಳು. ರಾತ್ರಿ ಅಲ್ಲೇ ಒಂದು ಲಾಡ್ಜ್.

ಬೆಳಿಗ್ಗೆ ಐದಕ್ಕೆ ಎದ್ದು ನೋಡಿದರೆ ಆಯಿ ಹಾಸು, ಹೊದಿಕೆ ಎಲ್ಲ ಮಡಚಿ, ದಿಂಬು ಜೋಡಿಸಿ, ಬಚ್ಚಲಿಗೆ ನೀರು ಹಾಕಿ ಪೊರಕೆ ಹುಡುಕುತ್ತಿದ್ದಳು. ಮಡಚಿದರೆ ಅವರಿಗೆ ತೊಂದರೆ, ಹೇಗೂ ಒಗೆಯಲು ಹಾಕಬೇಕು, ಮಡಿಕೆ ಬಿಚ್ಚಿ ಕಲೆ ನೋಡಬೇಕು, ಸುಮ್ನೆ ಒಂದು ಕಡೆ ರಾಶಿ ಹಾಕಿಡು ಎಂದು ನಾನು ಕಾರವಾರದಲ್ಲಿ ಕಲಿತದ್ದನ್ನು ಹೇಳಿದೆ. ಆಯಿ ಕೇಳಿಸಿಕೊಂಡಳು. ಮಡಚಿದ್ದನ್ನು ಬಿಚ್ಚಲಿಲ್ಲ.

ಬ್ಯಾಗಿನಿಂದ ತೊಡದೇವಿನ ಡಬ್ಬಿ ತೆಗೆದಳು. ಅಕ್ಕನ ಮನೆಗೆಂದು ಮೂರು ಡಬ್ಬಿ ತಂದಿದ್ದಳು, ಹಾಳೆಯ ಹಾಗೆ ತೆಳ್ಳಗಿನ ಸಿಹಿ, ಮುಟ್ಟಿದರೆ ಪುಡಿಯಾಗುವಂಥದ್ದು. ರೂಂ ಮಾಡುವವಳಿಗೆ ಕೊಡಬೇಕು ಎಂದಳು. ಹಿಂದಿನ ಸಂಜೆ ಆಯಿಗೆ ಸ್ನಾನಕ್ಕೆ ಕೂರಲು ಎಲ್ಲಿಂದಲೋ ಒಂದು ಮಣೆ ಹುಡುಕಿ ತಂದುಕೊಟ್ಟವಳು ಅವಳು. ನಾನು 100 ರೂಪಾಯಿ ಮತ್ತು ಚೀಟಿ ಬರೆದು ಇಟ್ಟಿದ್ದೆ. ಚೀಟಿ ಸಾಕು ನಡಿ ಎಂದೆ. ಆಯಿ ಒಪ್ಪಲಿಲ್ಲ. ಅವಳು ಬರುವ ತನಕ ವರಾಂಡದ ಕುರ್ಚಿಯಲ್ಲಿ ಕೂತಳು. ಏಳೂವರೆಯ ಬಸ್ ಹೋಯಿತು. ಎಂಟೂವರೆಗೆ ಆ ಹುಡುಗಿ ಬಂದಳು, ಇಪ್ಪತ್ತೈದರ ಒಳಗಿನವಳು. ಆಯಿ ಊರು ಕೇಳಿದಳು. ಭಟ್ಕಳ ಕಡೆ ಎಂದಳು. ಮದುವೆ, ಮಕ್ಕಳು, ಅತ್ತೆ, ಎಲ್ಲ ವಿಚಾರಣೆ ಆಯಿತು. ಆಮೇಲೆ ಡಬ್ಬಿ ಕೈಗಿತ್ತಳು, ಅಲುಗಾಡಿಸದೆ ಹಿಡಿಯಬೇಕು ಎಂದು ಎರಡು ಸಲ ಹೇಳಿ. ಹುಡುಗಿ ತಗೊಂಡಳು. ತಗೊಂಡು ಅಲ್ಲೇ ನಿಂತಳು.

"ಅಮ್ಮಾ, ಹೋಗುವಾಗ ಕೌಂಟರಲ್ಲಿ ಒಂದು ಮಾತು ಹೇಳ್ತೀರಾ?"

ನಾನು ಬಾಯಿ ತೆಗೆಯುವುದರೊಳಗೆ ಆಯಿ ಎದ್ದಾಗಿತ್ತು. ಒಂದೊಂದೇ ಮೆಟ್ಟಿಲು ಇಳಿದು, ಇನ್ನೂ ಕೌಂಟರ್ ಹತ್ತು ಹೆಜ್ಜೆ ದೂರ ಇರುವಾಗಲೇ ಶುರು ಮಾಡಿದಳು. ಅದೇ ದನಿ. ಅಂಗಳ ದಾಟಿ ಜಗುಲಿಗೆ ಮುಟ್ಟುವಂಥದ್ದು. ಸೋಫಾದಲ್ಲಿ ಕೂತಿದ್ದ ಒಂದು ಮದುವೆಯ ದಿಬ್ಬಣ ಇಡಿಯಾಗಿ ತಿರುಗಿ ನೋಡಿತು. ಕೌಂಟರಿನ ಹುಡುಗ ಗಡಿಬಿಡಿಯಲ್ಲಿ ಉದ್ದದ ಪುಸ್ತಕ ತೆಗೆದು, ಪೆನ್ನು ಕೊಡವಿ ಬರೆದ. 104, ತಾರೀಖು, ಆ ಹುಡುಗಿಯ ಹೆಸರು, ಸ್ವೀಟ್ ಡಬ್ಬಿ 1. ನಾನು ಅಭ್ಯಾಸಬಲದಿಂದ ಬಗ್ಗಿ ನೋಡುತ್ತಿದ್ದೆ. ಆಯಿ ಕೈಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡಳು. ಪುಸ್ತಕವನ್ನು ತನ್ನ ಕಡೆ ತಿರುಗಿಸಿ, ಆ ಸಾಲಿನ ಮೇಲೆ ಬೆರಳಿಟ್ಟಳು.

"ಒಂದಲ್ಲ ತಮಾ, ಎರಡು ಕೊಟ್ಟಿದ್ದಿ. ಎರಡು ಹೇಳಿ ಬರಿ."